ಎತ್ತಿ ತಳ್ಳುವ ಗೇಟು

ಮಂಗಳೂರಿನ ಸೆವ್ರಿನ್ ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನ ವೃದ್ಧಾಶ್ರಮವೊಂದರಲ್ಲಿ ಡೋರಿಸ್ ಅಜ್ಜಿಗೆ ದಿನಾ ಸ್ನಾನ ಮಾಡಿಸುತ್ತಾಳೆ. ಮಗಳ ಹೆಸರನ್ನೇ ಮರೆತ ಅಜ್ಜಿ, ಇಂಗ್ಲೆಂಡಿನ ತನ್ನ ಹಳ್ಳಿಯನ್ನು ಮಾತ್ರ ತಪ್ಪದೆ ವರ್ಣಿಸುತ್ತಾಳೆ: ಚರ್ಚಿನ ಹಿಂದೆ ಕುರಿಗಳ ಹುಲ್ಲುಗಾವಲು, ಎತ್ತಿ ತಳ್ಳಿದರಷ್ಟೇ ತೆರೆಯುವ ಗೇಟು.

ರಜೆಯಲ್ಲಿ ಲಂಡನ್ನಿಗೆ ಹೋದ ಸೆವ್ರಿನ್ ಆ ಹಳ್ಳಿಗೂ ಹೊರಟಳು.

"ಅಲ್ಲಿ ಎಂತ ಉಂಟು ಮಾರಾಯ್ತಿ?" ಎಂದ ಗಂಡ ವಿಲ್ಫಿ.

"ಆ ಗೇಟು ಉಂಟಾ ಅಂತ ನೋಡ್ಬೇಕು."

ಇತ್ತು. ಎತ್ತಿ ತಳ್ಳಿದಳು, ತೆರೆಯಿತು! ಹುಲ್ಲುಗಾವಲೆಲ್ಲ ಸುತ್ತಿ, ಫೋಟೋ ತೆಗೆದು, ಕೊನೆಯ ಬಸ್ಸಿಗೆ ಓಡಿದಳು.

ಮೆಲ್ಬರ್ನಿಗೆ ಮರಳಿ ಫೋಟೋ ತೋರಿಸಿದಾಗ ಅಜ್ಜಿ ಕೇಳಿದ್ದು ಒಂದೇ: "ಬರುವಾಗ ಗೇಟು ಮುಚ್ಚಿದ್ಯಾ? ಕುರಿಗಳು ಹೊರಗೆ ಹೋಗ್ತವೆ."

ಸೆವ್ರಿನ್ ಮುಚ್ಚಿರಲಿಲ್ಲ.

"ಮುಚ್ಚಿದೆ, ಡೋರಿಸ್," ಎಂದಳು.

ಆ ಭಾನುವಾರ ಪಾದ್ರಿಗಳ ಬಳಿ ಸುಳ್ಳನ್ನು ಒಪ್ಪಿಕೊಂಡಳು. ಹೊರಬರುವ ಮೊದಲು ಕುರಿಗಳಿಗಾಗಿ ಒಂದು ಮೇಣದಬತ್ತಿ ಹಚ್ಚಿದಳು.