ಗುಂಡು ತಾಗದ ಮಂಡಿ

ಕುಕ್ಕುವಾಡದ ತಿಮ್ಮೇಶ್ ಮಿಲಿಟರಿಯಿಂದ ರಜೆಗೆ ಬಂದಾಗ ಅವನ ಮಂಡಿಗೆ ಗುಂಡೇನೂ ತಾಗಿರಲಿಲ್ಲ. ವರ್ಷಗಟ್ಟಲೆ ಬೆನ್ನಿಗೆ ಹೊರೆ ಕಟ್ಟಿಕೊಂಡು ಗುಡ್ಡ ಹತ್ತಿಳಿದು ಎಡಮಂಡಿ ಒಳಕ್ಕೆ ವಾಲಿತ್ತು, ಚಿಪ್ಪು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದಿತ್ತು, ಅಷ್ಟೆ. ರಜೆ ಮುಗಿಸಿ ಬಂದು ಮೆಡಿಕಲ್ ಬೋರ್ಡಿನ ಮುಂದೆ ನೆಟ್ಟಗೆ ನಡೆದು ತೋರಿಸಿದರೆ ಹವಾಲ್ದಾರ್ ಬಡ್ತಿ, ಇಲ್ಲದಿದ್ದರೆ ಸ್ಟೋರಿನಲ್ಲಿ ಕಂಬಳಿ ಮಡಚುವ ಕೆಲಸ ಎಂದು ಹೇಳಿ ಕಳಿಸಿದ್ದರು.

ಇಷ್ಟು ಸಪ್ಪೆ ಸುದ್ದಿಯನ್ನು ಅವನಪ್ಪ ಪಾಲಯ್ಯ ಯಾವ ಬಾಯಿಂದ ಹೇಳಿಯಾನು? ಕುಂಟುತ್ತ ಬಸ್ಸಿಳಿದ ಮಗನನ್ನು ನೋಡಿ ಜನ "ಏನಾತೋ ಪಾಲಯ್ಯ?" ಎಂದರೆ, "ಗುಂಡು" ಎಂದುಬಿಟ್ಟ. ಒಂದೇ ಮಾತು. ಸಂಜೆಯೊಳಗೆ ಅದು ಹರಿಹರ ಮುಟ್ಟಿತು. ಸನ್ಮಾನಕ್ಕೆ ಯಾರೂ ಸಿಗದೆ ಚಡಪಡಿಸುತ್ತಿದ್ದ ಅಲ್ಲಿನ ಸಂಘವೊಂದರ ಅಧ್ಯಕ್ಷ ಮುರುಗೇಶಪ್ಪ ಫ್ಲೆಕ್ಸ್ ಹಾಕಿಸಿಯೇಬಿಟ್ಟರು: 'ಗುಂಡಿಗೆ ಎದೆಯೊಡ್ಡಿದ ವೀರಯೋಧ'. ಪೆಟ್ಟಾಗಿದ್ದು ಮಂಡಿಗಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ಫ್ಲೆಕ್ಸ್ ಅಂಗಡಿಯವನ ಹತ್ತಿರ ಎದೆಯ ಸಾಲೇ ರೆಡಿ ಇತ್ತು ಎಂದರಂತೆ.

ಇತ್ತ ದಾವಣಗೆರೆಯ ಫಿಸಿಯೋಥೆರಪಿಸ್ಟ್ ವಾಣಿ ದಿನಾ ಬೆಳಗ್ಗೆ ಅವನ ತೊಡೆಗೆ ರಬ್ಬರ್ ಪಟ್ಟಿ ಕಟ್ಟಿ ಬೆವರಿಳಿಸುತ್ತಿದ್ದರು. "ಮಂಡಿ ಪಾದದ ನೇರಕ್ಕ ಇರ್ಲಿ. ಒಳಗ ಬೀಳಬಾರ್ದು. ಎರಡೂ ಕಾಲಿಗೆ ಸಮ ಭಾರ ಹಾಕ್ರಿ." ಕ್ರಮೇಣ ನೋವು ಇಳಿಯಿತು, ನಡಿಗೆ ಸರಿಯಾಯಿತು. ತಿಮ್ಮೇಶನಿಗೆ ಹೋದ ಜೀವ ಬಂದಂತಾಯಿತು.

ಅಪ್ಪನಿಗೆ ಮಾತ್ರ ಜೀವ ಹೋದಂತಾಯಿತು. "ಸನ್ಮಾನ ಮುಗಿಯೋತನಕ ಸ್ವಲ್ಪ ಕುಂಟಪ್ಪ. ನೆಟ್ಟಗೆ ನಡದ್ರೆ ನನ್ನ ಮರ್ಯಾದಿ ಏನಾಗ್ಬೇಕು?"

"ಮೇಡಂ ಕುಂಟಬ್ಯಾಡ ಅಂದಾರಪ್ಪ."

"ಮೇಡಂ ಮುಂದೆ ಕುಂಟಬ್ಯಾಡ. ಜನದ ಮುಂದೆ ಕುಂಟು."

ಗಡಿಯಲ್ಲಿ ಯಾರಿಗೂ ಜಗ್ಗದ ಗಂಡಸು ಅಪ್ಪನ ಮುಖ ನೋಡಿ ಸೋತ. ಹರಿಹರದ ವೇದಿಕೆಯ ಮೆಟ್ಟಿಲಲ್ಲಿ ಅವನು ಕಾಲೆಳೆದ ಚಂದಕ್ಕೆ ಹೆಂಗಸರು ಕಣ್ಣೊರೆಸಿಕೊಂಡರು. ಅಷ್ಟಕ್ಕೇ ನಿಂತಿತೇ? ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯವರು ಕರೆದರು, ಶಾಲೆಯವರು ಕರೆದರು, ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸಿದವರೂ ಕರೆದರು. ಹೋದಲ್ಲೆಲ್ಲ ಒಂದು ಶಾಲು, ಒಂದು ಹಾರ, ಒಂದಿಷ್ಟು ಕುಂಟು. ತಾಯಿ ಉಡಚಮ್ಮನಿಗೆ ಶಾಲು ಇಡಲು ಟ್ರಂಕೇ ಸಾಲದಾಯಿತು. ಪಾಲಯ್ಯ ಪ್ರತಿ ಸಭೆಯಲ್ಲೂ ಮುಂದಿನ ಸಾಲಿನಲ್ಲಿ ಕೂತು ಮೀಸೆ ತಿರುವಿದ.

ರಜೆಯ ಕೊನೆಯ ದಿನ ವಾಣಿ ಅವನನ್ನು ಬಾಗಿಲಿನಿಂದ ಗೋಡೆಯವರೆಗೆ ನಡೆಸಿದರು. ಪೇಪರಿನಲ್ಲಿ ಅವನ ಫೋಟೋಗಳನ್ನೆಲ್ಲ ನೋಡಿದ್ದ ಅವರಿಗೆ ಸಿಟ್ಟು ಬಂದಿತ್ತು.

"ಸಾಕು ಮಾಡ್ರಿ ತಿಮ್ಮೇಶ್. ಇಲ್ಲಿ ಶಾಲು ಹೊದಿಸೋರು ಯಾರೂ ಇಲ್ಲ. ನೆಟ್ಟಗೆ ನಡೀರಿ."

ತಿಮ್ಮೇಶ್ ತನ್ನ ಕಾಲನ್ನೇ ನೋಡಿದ. ಎರಡೂ ಕಾಲಿಗೆ ಸಮ ಭಾರ ಹಾಕಲು ನೋಡುತ್ತ ಮತ್ತೊಮ್ಮೆ ಬಾಗಿಲವರೆಗೆ ಹೋಗಿ ಬಂದ.

"ನೆಟ್ಟಗೇ ನಡೀತಿದೀನಿ ಮೇಡಂ," ಎಂದ.