ಡಿಶ್ ಮೇಲೆ ಒದ್ದೆ ಜಮಖಾನ

ಚೆನ್ನೈನ ತಾಂಬರಂನಲ್ಲಿ ನಮ್ಮ ಬೀದಿಗೆಲ್ಲ ಇಂಟರ್‌ನೆಟ್ ಹಂಚುವ ಡಿಶ್ ನಮ್ಮ ಮಹಡಿಯ ಮೇಲಿದೆ. ಅದರ ಮೇಲೆ ಒದ್ದೆ ಜಮಖಾನ ಒಣಹಾಕಿ ಇಡೀ ಬೀದಿಯ ನೆಟ್ ಕೊಂದವನು ನಾನೇ. ಆಮೇಲೆ ನೆಟ್ ಕೊಡುವ ಪುಟ್ಟ ಕಂಪನಿಯ ಮಾಲೀಕರಿಗೆ ಫೋನ್ ಮಾಡಿ ಕೂಗಾಡಿದ ಮಹಾನುಭಾವನೂ ನಾನೇ.

"ಇರಿ ತಂಬಿ, ನಾನೇ ಬರ್ತೀನಿ," ಅಂದರು. ಯಾವ ದೂರಿಗೂ ಅವರದು ಅದೊಂದೇ ಮಾತು. ಹೆಲ್ಮೆಟ್ ಕೂಡ ತೆಗೆಯದೆ ಮಹಡಿ ಹತ್ತಿ, ಜಮಖಾನ ನೋಡಿ, ನನ್ನನ್ನು ನೋಡಿ, ಅದನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟರು. ಕೆಳಗೆ ಸೇರಿದ್ದವರಿಗೆ, "ಗಾಳಿಗೆ ಡಿಶ್ ತಿರುಗಿತ್ತು ಸಾರ್," ಅಂದರು.

"ಗಾಳಿಗೇ ತಿರುಗೋ ಡಿಶ್ಶಾ? ದೊಡ್ಡ ಕಂಪನಿಗೇ ಹೋಗೋಣ," ಎಂದು ಬೀದಿ ಗೊಣಗಿತು.

ಎದುರು ಮಹಡಿಯಿಂದ ಎಲ್ಲ ನೋಡಿದ್ದ ಮಾಮಿ ಸಂಜೆ ನನಗೆ ಹೇಳಿದರು: "ಪಾಪ, ನಿನ್ನ ಮಾನ ಉಳ್ಸೋಕೆ ಆ ಮನುಷ್ಯ ತನ್ನ ವ್ಯಾಪಾರಾನೇ ಕಳ್ಕೊಳ್ತಿದ್ದ ಕಣೋ. ಅದಕ್ಕೇ ಬೀದಿಗೆಲ್ಲ ನಾನೇ ನಿನ್ನ ಹೆಸ್ರು ಹೇಳ್ಬಿಟ್ಟೆ. ಈಗ ಯಾರೂ ಕಂಪನಿ ಬದಲಾಯಿಸಲ್ಲ."