ಕತ್ತರಿ ತೂಗಿದ ಟೇಪು

ಸೂಜಕ್ಕನ ಹತ್ತಿರ ಕತ್ತರಿ ಕೇಳಿದವರು ಆ ಊರಿನಲ್ಲಿ ಬಹಳ ಮಂದಿ. ಪಡೆದವರು ಒಬ್ಬರೂ ಇಲ್ಲ. "ಯಾಕೆ, ನಿಮ್ಮ ಮನೇಲಿ ಇಲ್ವಾ?" ಎಂದು ಅವಳು ಕೇಳುವ ಧಾಟಿಗೇ ಅರ್ಧ ಜನ ಬಂದ ದಾರಿ ಹಿಡಿಯುತ್ತಿದ್ದರು. ಹತ್ತು ಹನ್ನೆರಡು ವರ್ಷದ ಹಿಂದೆ ಯಾರೋ ಆ ಕತ್ತರಿಯಲ್ಲಿ ರಟ್ಟು ಕತ್ತರಿಸಿ ಬಾಯಿ ಮೊಂಡು ಮಾಡಿ ಇಟ್ಟುಬಿಟ್ಟಿದ್ದರು. ಯಾರೆಂದು ಗೊತ್ತಾಗಲಿಲ್ಲ. ಗೊತ್ತಾಗದ್ದರಿಂದ ಅವಳು ಎಲ್ಲರ ಮೇಲೂ ಸಮನಾಗಿ ಅನುಮಾನ ಹಂಚಿದಳು. ಅಂದಿನಿಂದ ದಿನದ ಕೆಲಸ ಮುಗಿದ ಮೇಲೆ ಕತ್ತರಿಯ ಹಿಡಿಗೆ ಅಳತೆ ಟೇಪಿನ ಒಂದು ತುದಿ ಬಿಗಿದು, ಇನ್ನೊಂದು ತುದಿಯನ್ನು ಸೂರಿನ ಹತ್ತಿರದ ಮೊಳೆಗೆ ಸಿಕ್ಕಿಸಿ ತೂಗುಬಿಡುವುದು ಅವಳ ರೂಢಿ. ಯಾರಾದರೂ ಕತ್ತರಿ ಮುಟ್ಟಿದರೆ ಅದು ಗೋಡೆಗೆ ಟಣ್ಣೆಂದು ಬಡಿಯಬೇಕು, ಅಡುಗೆಮನೆಯಲ್ಲಿದ್ದರೂ ಅವಳಿಗೆ ಕೇಳಬೇಕು. ಅದು ಹಳೆಯ ಕಾಲದ ಕಬ್ಬಿಣದ ಕತ್ತರಿ. ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವಷ್ಟು ಭಾರ.

"ಬೀಗ ಹಾಕಿದ ಪೆಟ್ಟಿಗೇಲಿ ಇಡಬಾರದಾ?" ಎಂದು ಗಂಡ ಕೇಳಿದ್ದ.

"ಬೀಗಕ್ಕೆ ಬೀಗದ ಕೈ ಇರುತ್ತೆ. ಬೀಗದ ಕೈಗೆ ಜೋಡಿ ಇರುತ್ತೆ. ಆ ಜೋಡಿ ಯಾರ ಹತ್ರ ಇದೆ ಅಂತ ನಾನು ಹೇಗೆ ನಂಬಲಿ?"

"ಸರಿ ಬಿಡು," ಎಂದಿದ್ದ ಅವನು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಅತಿ ಹೆಚ್ಚು ಬಳಸಿದ ಮಾತು ಅದು.

ಸೂಜಕ್ಕ ಎಂಬುದು ಊರು ಇಟ್ಟ ಹೆಸರು. ಹೊಲಿಗೆಯವಳು ಎಂಬ ಕಾರಣ ಒಂದು, ಚುಚ್ಚುತ್ತಾಳೆ ಎಂಬ ಕಾರಣ ಇನ್ನೊಂದು. ಹೊಲಿಗೆಯನ್ನು ಅವಳು ತಾಯಿಯಿಂದ ಕಲಿತದ್ದು. ತಾಯಿ ಬಿಟ್ಟುಹೋದದ್ದು ಆ ಕತ್ತರಿ, ಆ ಬಟ್ಟೆಯ ಟೇಪು, ಮತ್ತು ಒಬ್ಬ ಅಕ್ಕ. ಕತ್ತರಿ, ಟೇಪು ಇವಳ ಬಳಿ ಉಳಿದವು. ಅಕ್ಕ ಮಾತ್ರ ಉಳಿಯಲಿಲ್ಲ. ಆರು ವರ್ಷದ ಹಿಂದೆ ದೂರದ ಊರಿನಿಂದ ಅಕ್ಕ ತನ್ನ ಮಗಳ ಅಳತೆಯನ್ನು ಫೋನಿನಲ್ಲಿ ಹೇಳಿ ಹುಟ್ಟುಹಬ್ಬಕ್ಕೆ ಒಂದು ಫ್ರಾಕ್ ಹೊಲಿಸಿದ್ದಳು. ಫ್ರಾಕ್ ಹೋಗಿ ತಲುಪಿತು. ಹುಡುಗಿಯ ಹೆಗಲಿನಿಂದ ಜಾರಿ ಬಿತ್ತು. "ಬೇಕಂತಲೇ ದೊಡ್ಡದು ಮಾಡಿದ್ದೀಯ, ನನ್ನ ಮಗಳು ದಪ್ಪ ಅಂತ ಆಡಿಕೊಳ್ಳೋಕೆ," ಎಂದಳು ಅಕ್ಕ. "ಬೇಕಂತಲೇ ತಪ್ಪು ಅಳತೆ ಹೇಳಿದ್ದೀಯ, ನನ್ನ ಕೈಗೆ ಕೆಟ್ಟ ಹೆಸರು ತರೋಕೆ," ಎಂದಳು ತಂಗಿ. ಅಲ್ಲಿಗೆ ಎರಡು ಮನೆಗಳ ಫೋನು ಮೌನ ಹಿಡಿಯಿತು.

ಶಾಲೆ ತೆರೆಯುವ ಮುಂಚಿನ ವಾರಗಳು ಆ ಹಳ್ಳಿಗಾಡಿಗೆ ಮದುವೆಮನೆಯ ಹಿಂದಿನ ದಿನದಂತೆ. ಹೊಲಗಳ ನಡುವೆ ಚದುರಿದ ಒಂಬತ್ತು ಶಾಲೆಗಳಿಗೆ ಒಂದೇ ವಲಯ ಕಚೇರಿ. ಅದರ ಅಂಗಳದಲ್ಲಿ ಕಾಲು ಮುರಿದ ಬೆಂಚುಗಳು ಬಡಗಿಗಾಗಿ ಸಾಲಾಗಿ ಮಲಗಿರುತ್ತವೆ. ಶಾಲೆಯ ಬಸ್ಸು ಚಕ್ರ ಕಳಚಿಕೊಂಡು ಇಟ್ಟಿಗೆಯ ಮೇಲೆ ನಿಂತಿರುತ್ತದೆ. ಸೂಜಕ್ಕನ ಗಂಡ ಬಣ್ಣ ಬಳಿಯುವವನು. ಶಾಲೆಯಿಂದ ಶಾಲೆಗೆ ಹೋಗಿ ಕಪ್ಪು ಹಲಗೆಗಳಿಗೆ ಕಪ್ಪು ಬಳಿಯುತ್ತಾನೆ, ಉಗುರಿನ ಸಂದಿನಲ್ಲಿ ಅರ್ಧ ಕಪ್ಪನ್ನು ಮನೆಗೆ ತರುತ್ತಾನೆ. ಮತ್ತು ಮಕ್ಕಳ ಸಮವಸ್ತ್ರವೆಲ್ಲ ಸೂಜಕ್ಕನದು. ಅವಳೇ ಶಾಲೆಗಳಿಗೆ ಹೋಗಿ, ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, "ಉಸಿರು ಬಿಡು, ಹೊಟ್ಟೆ ಒಳಗೆಳ್ಕೊಂಡು ಮೋಸ ಮಾಡಬೇಡ," ಎಂದು ಗದರಿಸಿ ಅಳೆದು ಬಂದು ಹೊಲಿಯುತ್ತಿದ್ದಳು. ಬಿಗಿಯಾಯಿತು, ಸಡಿಲವಾಯಿತು ಎಂಬ ದೂರು ಒಮ್ಮೆಯೂ ಬಂದದ್ದಿಲ್ಲ.

ಈ ವರ್ಷ ಅದು ಬದಲಾಯಿತು. ಸುದ್ದಿ ತಂದವಳು ನಾದಿನಿ, ಗಂಡನ ತಂಗಿ. ಮನೆಯವರೆಲ್ಲ ಪುಟ್ಟಿ ಎಂದು ಕರೆಯುವ ಅವಳು ವಲಯ ಕಚೇರಿಯಲ್ಲಿ ಗುಮಾಸ್ತೆ. ವಾಸ ಹಿಂದಿನ ಬೀದಿಯಲ್ಲೇ.

"ಅತ್ತಿಗೆ, ಈ ಸಲ ನೀನು ಬಿಸಿಲಲ್ಲಿ ಅಲೆಯೋದು ಬೇಡ. ಅಳತೆ ಎಲ್ಲ ಮೇಷ್ಟ್ರುಗಳೇ ತಗೊಂಡು ಕಳಿಸಿದ್ದಾರೆ."

ಸೂಜಕ್ಕ ಹಲ್ಲಿನ ನಡುವಿದ್ದ ದಾರವನ್ನು ಕಡಿದು ಪಕ್ಕಕ್ಕಿಟ್ಟಳು. "ನನ್ನ ಕಾಲು ನೋಯುತ್ತೆ ಅಂತ ನಿಮ್ಮ ಸಾಹೇಬ್ರಿಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಬೇಗ ಆಗಲಿ ಅಂತ."

"ಬೇಗ ಆಗಿ?"

ಪುಟ್ಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲು ಚಿಕ್ಕ ಶಾಲೆಯದ್ದು ಹೊಲಿದು ಕೊಡಬೇಕಂತೆ. ಅದು ಸರಿ ಬಂದ್ರೆ ಉಳಿದ ಎಂಟು ಶಾಲೆಯದ್ದೂ ನಿನಗೇ. ಬರದಿದ್ರೆ ಪೇಟೆ ಅಂಗಡಿಯಿಂದ ರೆಡಿಮೇಡ್ ತರಿಸ್ತಾರಂತೆ."

"ಓಹೋ," ಎಂದಳು ಸೂಜಕ್ಕ. ಆ ಓಹೋ ಹೊಸ್ತಿಲು ದಾಟಿ ಬೀದಿಗೂ ಕೇಳಿಸಿತು.

ಅಂದು ಗಂಡ ಊಟಕ್ಕೆ ಕುಳಿತಾಗ ಅವಳು ಲೆಕ್ಕ ಬಿಡಿಸಿಟ್ಟಳು. "ಇವತ್ತು ಅಳತೆ ಕಿತ್ಕೊಂಡ್ರು. ಮಕ್ಕಳ ಅಳತೆ ಕಾಗದದ ಮೇಲೆ ಬಂದ್ಮೇಲೆ ಯಾವ ಅಂಗಡಿಗೆ ಬೇಕಾದ್ರೂ ಕೊಡಬಹುದು. ಹೋದ ವಾರ ನಿಮ್ಮ ತಂಗಿ ಪೇಟೆ ರೆಡಿಮೇಡ್ ಅಂಗಡಿಯಿಂದ ಇಳಿದು ಬರ್ತಿದ್ದಳಂತೆ. ಗುಂಡಿ ಮಾರೋನು ಕಣ್ಣಾರೆ ನೋಡಿದ್ದಾನೆ."

"ಅಂಗಡಿಗೆ ಹೋಗೋದು ತಪ್ಪಾ?"

"ಕೈಯಲ್ಲಿ ಚೀಲ ಇರಲಿಲ್ಲಂತೆ. ಏನೂ ಕೊಳ್ಳದೆ ಅಂಗಡಿಗೆ ಯಾರು ಹೋಗ್ತಾರೆ?"

"ಸರಿ ಬಿಡು," ಎಂದ ಗಂಡ, ಮತ್ತು ಬೇಗ ಬೇಗ ಉಂಡ.

ಸೂಜಕ್ಕ ಹೊಲಿದಳು. ಇಷ್ಟು ಎಚ್ಚರದಿಂದ ಹಿಂದೆಂದೂ ಹೊಲಿದಿರಲಿಲ್ಲ. ಪುಟ್ಟಿ ತಂದುಕೊಟ್ಟ ಕಾಗದದಲ್ಲಿ ಇಪ್ಪತ್ನಾಲ್ಕು ಇಂಚು ಎಂದಿದ್ದರೆ ಟೇಪನ್ನು ಬಟ್ಟೆಯ ಮೇಲೆ ಹಾಸಿ, ಇಪ್ಪತ್ನಾಲ್ಕಕ್ಕೆ ಗುರುತು ಹಾಕಿ, ಮತ್ತೊಮ್ಮೆ ಅಳೆದು, ಆಮೇಲೆ ಕತ್ತರಿ ಇಡುತ್ತಿದ್ದಳು. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಾಜೂಕು. ಎಲ್ಲ ಮುಗಿಸಿ, ಇಸ್ತ್ರಿ ಹಾಕಿ, ಗಂಟು ಕಟ್ಟಿ ತಾನೇ ಹೊತ್ತುಕೊಂಡು ಹೋದಳು. ಬೇರೆಯವರ ಕೈಯಲ್ಲಿ ಕಳಿಸಿದರೆ ದಾರಿಯಲ್ಲಿ ಏನಾಗುತ್ತದೋ ಯಾರು ಕಂಡರು.

ಚಿಕ್ಕ ಶಾಲೆಯೆಂದರೆ ಎರಡು ಕೋಣೆ, ಒಂದು ಜಗಲಿ. ಹಲಗೆಯ ಹೊಸ ಬಣ್ಣ ಇನ್ನೂ ಘಾಟು ಹೊಡೆಯುತ್ತಿತ್ತು. ಬಟ್ಟೆ ತೊಟ್ಟು ನೋಡಲು ಬಂದ ಮಕ್ಕಳನ್ನು ಹೆಡ್ ಮೇಡಂ ಸಾಲಾಗಿ ನಿಲ್ಲಿಸಿದರು. ಮೊದಲ ಹುಡುಗ ಅಂಗಿ ತೊಟ್ಟ; ತೋಳು ಅವನ ಬೆರಳುಗಳನ್ನು ನುಂಗಿತು. ಎರಡನೆಯವನು ಚಡ್ಡಿ ತೊಟ್ಟು ಎರಡು ಹೆಜ್ಜೆ ನಡೆದ. ಚಡ್ಡಿ ಒಂದೇ ಹೆಜ್ಜೆ ನಡೆಯಿತು. ಜಗಲಿಯೆಲ್ಲ ನಗೆಯೋ ನಗೆ. ಮೂರನೆಯ ಹುಡುಗಿಯ ಸ್ಕರ್ಟನ್ನು ಮೇಡಂ ಸೊಂಟದಲ್ಲಿ ಹಿಡಿದು ನೋಡಿ, "ಇದರೊಳಗೆ ಇವಳ ಪುಸ್ತಕದ ಚೀಲಾನೂ ಹಿಡಿಸುತ್ತೆ," ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಆದರೆ ಹೇಳಿಯಾಗಿತ್ತು.

"ಸೋಮವಾರ ಸಾಹೇಬ್ರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಏನಾದರೂ ಮಾಡಿ," ಎಂದರು ಆಮೇಲೆ ಮೆಲ್ಲಗೆ.

ಸೂಜಕ್ಕ ಬಟ್ಟೆಗಳನ್ನು ಮತ್ತೆ ಗಂಟು ಕಟ್ಟಿದಳು. ಒಂದು ಎರಡು ತಪ್ಪಿದ್ದರೆ ಮೇಷ್ಟ್ರ ಕೈ ತಪ್ಪು ಎನ್ನಬಹುದು. ಎಲ್ಲವೂ ದೊಡ್ಡದು, ಒಂದೂ ಚಿಕ್ಕದಿಲ್ಲ! ಕಣ್ತಪ್ಪು ಹೀಗೆ ಒಂದೇ ಕಡೆಗೆ ವಾಲುವುದಿಲ್ಲ. ಯಾರೋ ಕುಳಿತು ಪ್ರತಿ ಅಂಕೆಯನ್ನೂ ಹಿಗ್ಗಿಸಿದ್ದಾರೆ. ಅಳತೆಗಳನ್ನು ಶುದ್ಧಪ್ರತಿ ಮಾಡಿ ತಂದುಕೊಟ್ಟವಳು ಯಾರು? ಪುಟ್ಟಿ. ಆರು ವರ್ಷದ ಹಿಂದೆ ಒಡಹುಟ್ಟಿದವಳೇ ಮಾಡಿದ್ದನ್ನು ಈಗ ನಾದಿನಿ ಮಾಡುವುದರಲ್ಲಿ ಆಶ್ಚರ್ಯವೇನು?

ಆದರೂ ಸಾಕ್ಷಿ ಬೇಕಿತ್ತು. ಪುಟ್ಟಿಯ ಮಗಳೂ ಅದೇ ಚಿಕ್ಕ ಶಾಲೆಯವಳು. ಸಂಜೆ ಆ ಹುಡುಗಿ ಬೀದಿಯಲ್ಲಿ ಆಡುತ್ತಿದ್ದಾಗ ಸೂಜಕ್ಕ ಒಳಗೆ ಕರೆದು, ಒಂದು ಬೆಲ್ಲದ ಚೂರು ಕೊಟ್ಟು, ಎದೆಯ ಸುತ್ತ ಟೇಪು ಹಾಕಿದಳು. ಇಪ್ಪತ್ತೆರಡು. ಕಾಗದದಲ್ಲಿ ಇದ್ದದ್ದು ಇಪ್ಪತ್ನಾಲ್ಕು.

"ಯಾಕತ್ತೆ, ನನ್ನನ್ನ ಮೇಷ್ಟ್ರು ಆಗಲೇ ಅಳೆದಿದ್ದಾರಲ್ಲ?"

"ನೀನು ಸೊರಗಿದ್ದೀಯಾ ಅಂತ ನೋಡಿದೆ. ಅಮ್ಮನಿಗೆ ಹೇಳಬೇಡ."

ಹುಡುಗಿ ನೇರವಾಗಿ ಹೋಗಿ ಅಮ್ಮನಿಗೆ ಹೇಳಿದಳು.

ಮರುದಿನ ಬೆಳಿಗ್ಗೆ ಸೂಜಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು, ಗಂಟು ಹೊತ್ತು, ವಲಯ ಕಚೇರಿಗೆ ನಡೆದಳು. ಸಾಹೇಬರು ಯಾವುದೋ ಶಾಲೆಯ ಬಾವಿ ನೋಡಲು ಹೋಗಿದ್ದರು. ಪುಟ್ಟಿ ಒಬ್ಬಳೇ ಹಾಜರಿ ಪುಸ್ತಕಗಳಿಗೆ ರಟ್ಟು ಹಾಕುತ್ತ ಕುಳಿತಿದ್ದಳು. ರಟ್ಟು ಕಂಡಿದ್ದೇ ಸೂಜಕ್ಕನ ಕಣ್ಣು ಕಿರಿದಾಯಿತು.

"ಬಾ ಅತ್ತಿಗೆ. ನನ್ನ ಮಗಳು ಸೊರಗಿದ್ದಾಳಾ?"

"ಅವಳು ಸೊರಗಿಲ್ಲ. ನೀನು ಅವಳನ್ನ ಹಿಗ್ಗಿಸಿದ್ದೀಯ. ಇಪ್ಪತ್ತೆರಡನ್ನ ಇಪ್ಪತ್ನಾಲ್ಕು ಮಾಡಿದ್ದೀಯ. ಪೇಟೆ ಅಂಗಡಿಯೋನು ನಿನಗೆ ಏನು ಕೊಡ್ತೀನಿ ಅಂದ?"

ಪುಟ್ಟಿ ಗೋಂದಿನ ಕುಂಚ ಕೆಳಗಿಟ್ಟಳು. "ಅಂಗಡಿಗೆ ಹೋಗಿದ್ದು ನಿಜ. ದರ ಕೇಳ್ಕೊಂಡು ಬಾ ಅಂತ ಸಾಹೇಬ್ರು ಕಳಿಸಿದ್ರು. ಹೇಳಿದ್ರೆ ನೀನು ನಂಬ್ತಿದ್ಯಾ?"

"ಇಲ್ಲ."

"ಮತ್ತೆ ಯಾಕೆ ಹೇಳಲಿ? ಆದ್ರೆ ಅಳತೆ ಮುಟ್ಟಿಲ್ಲ ಅತ್ತಿಗೆ. ಬಂದದ್ದನ್ನ ಬಂದ ಹಾಗೇ ಬರೆದೆ."

"ಹಾಗಾದ್ರೆ ನನ್ನ ಟೇಪು ಸುಳ್ಳು ಹೇಳುತ್ತಾ?"

ಮಾತಿಗೆ ಆಡಿದ ಮಾತು ಅದು. ಆದರೆ ಪುಟ್ಟಿ ಮೇಜಿನ ಖಾನೆ ಎಳೆದು, ಮೇಷ್ಟ್ರುಗಳಿಗೆ ಹಂಚಿದ್ದ ಉಕ್ಕಿನ ಟೇಪುಗಳಲ್ಲಿ ಒಂದನ್ನು ತೆಗೆದು, ಮೇಜಿನ ಮೇಲೆ ಉದ್ದಕ್ಕೆ ಎಳೆದು ಹಿಡಿದಳು. "ಪಕ್ಕದಲ್ಲಿ ಇಡು ನೋಡೋಣ."

ಸೂಜಕ್ಕ ಇಟ್ಟಳು. ಎರಡರ ಸೊನ್ನೆಗಳನ್ನು ಉಗುರಿನಿಂದ ಒತ್ತಿ ಕೂಡಿಸಿದಳು. ಐದರ ಹತ್ತಿರ ಎರಡೂ ಹೆಚ್ಚು ಕಡಿಮೆ ಜೊತೆಗಿದ್ದವು. ಮುಂದೆ ಹೋದಂತೆ ಬಟ್ಟೆಯ ಟೇಪಿನ ಗೆರೆಗಳು ಮೆಲ್ಲಗೆ ಮುಂದಕ್ಕೆ ಜಾರಿದ್ದವು. ಅವಳ ಇಪ್ಪತ್ನಾಲ್ಕು ಉಕ್ಕಿನ ಇಪ್ಪತ್ತಾರರ ಪಕ್ಕ ಮಲಗಿತ್ತು.

"ನಿಮ್ಮ ಉಕ್ಕು ಕುಗ್ಗಿದೆ," ಎಂದಳು ಸೂಜಕ್ಕ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಇನ್ನೊಂದು ತಾ."

ಇನ್ನೊಂದು ಬಂತು. ಅದೂ ಮೊದಲಿನದಕ್ಕೇ ತಾಳ ಹಾಕಿತು. ಟೇಪು ಮಾರಿದ ಅಂಗಡಿಯವನು ಎಲ್ಲವನ್ನೂ ಒಂದೇ ಕಡೆಯಿಂದ ತಂದಿರಬಹುದು, ಒಂದೇ ಮೋಸದ ಮಾಲು ಇರಬಹುದು ಎಂದು ಸೂಜಕ್ಕ ವಾದಿಸಿದಳು. ಅಂಗಳದಲ್ಲಿ ಬೆಂಚಿಗೆ ಕಾಲು ಕೂರಿಸುತ್ತಿದ್ದ ಬಡಗಿಯ ಮರದ ಅಳತೆಪಟ್ಟಿ ಕೇಳಿ ತಂದರು. ಮರವೂ ಉಕ್ಕಿನ ಪಕ್ಷವೇ ವಹಿಸಿತು.

ಸೂಜಕ್ಕ ಮೇಜಿನ ಮೇಲಿದ್ದ ತನ್ನ ಟೇಪನ್ನು ನೋಡುತ್ತ ನಿಂತಳು. ಅದರ ಒಂದು ತುದಿ, ಕತ್ತರಿಯ ಹಿಡಿ ಕಚ್ಚಿ ಕಚ್ಚಿ, ನೆರಿಗೆ ಬಿದ್ದು ಬಿಳುಚಿತ್ತು. ಇನ್ನೊಂದು ತುದಿಯಲ್ಲಿ ಮೊಳೆಯ ತೂತು ಉದ್ದವಾಗಿ ಹರಿದಿತ್ತು. ಯಾರೋ ಕತ್ತರಿ ಕದ್ದಾರೆಂದು ಪ್ರತಿ ಸಂಜೆ ಆ ಭಾರವನ್ನು ತೂಗುಬಿಟ್ಟದ್ದು ಅವಳೇ. ಭಾರ ಟೇಪನ್ನು ದಿನದಿನಕ್ಕೆ ಎಳೆದು ಹಿಗ್ಗಿಸುತ್ತ ಬಂದಿತ್ತು. ಇಷ್ಟು ವರ್ಷ ಅದೇ ಟೇಪಿನಲ್ಲಿ ಅಳೆದು ಅದೇ ಟೇಪಿನಲ್ಲಿ ಕತ್ತರಿಸಿದ್ದರಿಂದ ಒಂದು ತಪ್ಪು ಇನ್ನೊಂದನ್ನು ತಿಂದುಹಾಕಿ, ಬಟ್ಟೆ ಸರಿ ಬರುತ್ತಿತ್ತು. ಅಳತೆ ಬೇರೆಯವರ ಟೇಪಿನಿಂದ ಬಂದಾಗ ಮಾತ್ರ ಗುಟ್ಟು ರಟ್ಟಾಗುತ್ತಿತ್ತು. ಈಗ ಒಮ್ಮೆ. ಮತ್ತು—

ಅವಳು ಪಕ್ಕದ ಬೆಂಚಿನ ಮೇಲೆ ಕುಳಿತುಬಿಟ್ಟಳು. ಬೆಂಚಿಗೆ ಮೂರೇ ಕಾಲಿದ್ದವು; ಪುಟ್ಟಿ ಓಡಿಬಂದು ನಾಲ್ಕನೆಯ ಮೂಲೆಯನ್ನು ಹಿಡಿದುಕೊಂಡಳು.

"ಆ ಫ್ರಾಕು," ಎಂದಳು ಸೂಜಕ್ಕ.

ಯಾವ ಫ್ರಾಕೆಂದು ಪುಟ್ಟಿ ಕೇಳಲಿಲ್ಲ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಫ್ರಾಕು ಒಂದೇ.

ಪುಟ್ಟಿ ಬೆಂಚಿನ ಮೂಲೆ ಬಿಡದೆ ಹೇಳಿದಳು. "ಸೋಮವಾರಕ್ಕೆ ಇನ್ನೂ ಸಮಯ ಇದೆ. ದೊಡ್ಡದನ್ನ ಚಿಕ್ಕದು ಮಾಡಬಹುದು. ಚಿಕ್ಕದಾಗಿದ್ರೆ ಗತಿ ಇರ್ತಿರಲಿಲ್ಲ. ನಾನು ಉಕ್ಕಿನ ಟೇಪು ಹಿಡೀತೀನಿ, ನೀನು ಹೊಲಿಗೆ ಬಿಚ್ಚು."

"ಸಾಹೇಬ್ರಿಗೆ ಹೇಳ್ತೀಯಾ?"

"ನೋಡು, ಮತ್ತೆ ಶುರುವಾಯ್ತು."

"ಕೇಳಿದೆ ಅಷ್ಟೆ."

"ಹೇಳೋದಿಲ್ಲ. ಆದ್ರೆ ಒಂದು ಷರತ್ತು. ನನಗೆ ಒಂದು ಸಲ ನಿನ್ನ ಕತ್ತರಿ ಬೇಕು."

"ರಟ್ಟಿಗಾ?"

"ರಟ್ಟಿಗಲ್ಲ ಮಾರಾಯ್ತಿ, ದಾರ ಕತ್ತರಿಸೋಕೆ!"

ಸೋಮವಾರ ಸಾಹೇಬರು ಬಂದು ನೋಡಿದಾಗ ತೋಳುಗಳು ಮಣಿಕಟ್ಟಿನಲ್ಲೇ ನಿಂತಿದ್ದವು, ಚಡ್ಡಿಗಳು ಹುಡುಗರ ಜೊತೆಜೊತೆಗೇ ನಡೆದವು. ಅವರು ಒಂದೆರಡು ಕಾಲರ್ ತಿರುಗಿಸಿ ನೋಡಿ, "ಉಳಿದದ್ದನ್ನೂ ಇವರೇ ಮಾಡಲಿ," ಎಂದು ಹೊರಟರು. ಹೆಡ್ ಮೇಡಂ ಏನೋ ಹೇಳಲು ಹೊರಟವರು ಪುಟ್ಟಿಯ ಮುಖ ನೋಡಿ ಸುಮ್ಮನಾದರು. ಅದನ್ನು ಸೂಜಕ್ಕ ಗಮನಿಸಿದಳು. ಇಬ್ಬರ ನಡುವೆ ಏನೋ ಇದೆ ಎಂದುಕೊಂಡಳು. ಆಮೇಲೆ ಆ ಏನೋ ತನ್ನ ಮರ್ಯಾದೆಯೇ ಎಂದು ಹೊಳೆದು ತಲೆ ತಗ್ಗಿಸಿದಳು.

ಮನೆಗೆ ಬಂದವಳು ಹಳೆಯ ಟೇಪನ್ನು ಎಸೆಯಲಿಲ್ಲ. ಹೊಲಿದ ಬಟ್ಟೆಗಳ ಗಂಟಿಗೆ ಕಟ್ಟುಹಗ್ಗ ಮಾಡಿಕೊಂಡಳು. ಕತ್ತರಿ ಹೊಲಿಗೆ ಯಂತ್ರದ ಮೇಲೆ ಬಿಡಿಯಾಗಿ, ಯಾರು ಬೇಕಾದರೂ ಮುಟ್ಟುವಂತೆ ಬಿದ್ದುಕೊಂಡಿತ್ತು. ಗಂಡ ಅದನ್ನು ನೋಡಿ, "ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಲು ಬಂದ. ಕಪ್ಪು ಕೈಯೆಂದು ಗದರಿಸಿ ಹೊರಗೆ ಕಳಿಸಿದಳು.

ಆಮೇಲೆ ಫೋನು ತೆಗೆದಳು. ಆರು ವರ್ಷ ಒತ್ತದ ಸಂಖ್ಯೆ ಬೆರಳಿಗೆ ಇನ್ನೂ ನೆನಪಿತ್ತು. ಆ ಕಡೆ ಬಹಳ ಹೊತ್ತು ಗಂಟೆ ಹೊಡೆದು, ಕೊನೆಗೆ ಒಂದು ಉಸಿರು ಕೇಳಿಸಿತು.

"ಅಕ್ಕಾ. ನಾನು. ನೀನು ಅವತ್ತು ಹೇಳಿದ ಅಳತೆ ಸರಿಯಾಗೇ ಇತ್ತು. ತಪ್ಪು ನನ್ನ ಟೇಪಿಂದು."

ಆ ಕಡೆ ಎಲ್ಲೋ ಒಂದು ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ನಿನ್ನ ಮಗಳು ಈಗ ಎಷ್ಟು ಬೆಳೆದಿದ್ದಾಳೆ? ಅಳತೆ ಹೇಳು, ಒಂದು ಫ್ರಾಕ್ ಹೊಲಿದು ಕಳಿಸ್ತೀನಿ."

"ಯಾಕೆ?" ಎಂದಿತು ಆ ಕಡೆಯ ದನಿ. "ಈಗ ಯಾಕೆ? ನಿನಗೆ ಏನು ಬೇಕಾಗಿದೆ?"

ಸೂಜಕ್ಕನಿಗೆ ನಗು ಬಂತು. ಅದೇ ಧಾಟಿ, ಅದೇ ಕಿರಿದಾದ ಕಣ್ಣು, ಕಾಣದಿದ್ದರೂ ಕಂಡಂತೆ. ಒಂದೇ ತಾಯಿಯ ಮಕ್ಕಳು.

"ಏನೂ ಬೇಡ," ಎಂದಳು. "ನಂಬಬೇಡ. ಅಳತೆ ಮಾತ್ರ ಹೇಳು. ಆದ್ರೆ ಯಾವ ಟೇಪಲ್ಲಿ ಅಳೀತೀಯ, ಮೊದಲು ಅದನ್ನ ಹೇಳು."